ಹದಿನೆಂಟನೇ ಕಂಡಿಕೆ

ಹಿಂದೂಪುರದ ಆ ನೇಕಾರರ ಬೀದಿಯಲ್ಲಿ ಬೆಳಿಗ್ಗೆ ಯಾರ ಮನೆಯ ಮಗ್ಗ ಮೊದಲು ಸದ್ದು ಮಾಡಿತು ಎಂಬುದು ಹಾಲು ತರಲು ಹೋದವರ ಬಾಯಲ್ಲಿ ಸುದ್ದಿಯಾಗುತ್ತದೆ. ಬಹಳ ವರ್ಷ ಆ ಮೊದಲ ಸದ್ದು ಬನಶಂಕರಮ್ಮನದಾಗಿತ್ತು. ಈ ವರ್ಷ ಯುಗಾದಿ ಕಳೆದ ಮೇಲೆ ಅವಳ ಮಗ್ಗ ಮೂರನೆಯದಾಯಿತು, ಆಮೇಲೆ ಐದನೆಯದು. ಬೇಸಿಗೆ ಮುಗಿಯುವ ಹೊತ್ತಿಗೆ ಬೀದಿಯವರು ಎಣಿಸುವುದನ್ನೇ ಬಿಟ್ಟರು.

ಅವಳದು ಗುಂಡಿ ಮಗ್ಗ. ನೆಲದಲ್ಲಿ ತೆಗೆದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಲಾಳಿ ಓಡಿಸಬೇಕು. ಒಮ್ಮೆ ಇಳಿದರೆ ಮಧ್ಯಾಹ್ನದ ಊಟದ ತನಕ ಅವಳು ಮೇಲೇಳುತ್ತಿರಲಿಲ್ಲ. ಹಾಗೆಂದು ಯಾರೂ ಕಾನೂನು ಮಾಡಿರಲಿಲ್ಲ. ನಡುವೆ ಎದ್ದು ಬಂದರೆ ನೇಯ್ಗೆಯ ಹದ ಮತ್ತೆ ಕೈಗೆ ಸಿಗಲು ಹೊತ್ತು ಹಿಡಿಯುತ್ತದೆ ಎಂಬುದು ಅವಳ ಲೆಕ್ಕ.

ಅವಳು ಏಳದೆ ಇರುವಂತೆ ನೋಡಿಕೊಳ್ಳುವುದು ಗಂಡ ಸುಬ್ಬರಾಯಪ್ಪನ ಕೆಲಸ. ಸೊಂಟ ಕೈಕೊಟ್ಟ ಮೇಲೆ ಅವನು ಮಗ್ಗ ಬಿಟ್ಟು ಕಂಡಿಕೆ ಸುತ್ತುತ್ತಿದ್ದ. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ, ರೇಷ್ಮೆ ನೂಲು ಸುತ್ತಿದ ಪುಟ್ಟ ಕಡ್ಡಿ. ಬೆಳಗಾಗುವಷ್ಟರಲ್ಲಿ ಅವುಗಳನ್ನೆಲ್ಲ ಒಂದು ಮೊರದಲ್ಲಿ ಸಾಲಾಗಿ ಜೋಡಿಸಿ ಹೆಂಡತಿಯ ಬಲಗೈಗೆ ಎಟಕುವಂತೆ ಇಡುತ್ತಿದ್ದ. ಒಂದು ಖಾಲಿಯಾದರೆ ಮುಂದಿನದು. ಕತ್ತು ತಿರುಗಿಸುವ ಕೆಲಸವೂ ಇಲ್ಲ. ಹದಿನೆಂಟನೇ ಕಂಡಿಕೆ ಮುಗಿದರೆ ಊಟದ ಹೊತ್ತು. ಆ ಮನೆಯಲ್ಲಿ ಗೋಡೆ ಗಡಿಯಾರ ಇತ್ತು, ಆದರೆ ಅದನ್ನು ನೋಡುತ್ತಿದ್ದವರು ನೆಂಟರು ಮಾತ್ರ.

ಬನಶಂಕರಮ್ಮನಿಗೆ ಏಳು ವರ್ಷದಿಂದ ಥೈರಾಯ್ಡ್ ಕಡಿಮೆ. ಡಾಕ್ಟರು ಕೊಟ್ಟ ಸಣ್ಣ ಬಿಳಿ ಮಾತ್ರೆ ಬಚ್ಚಲ ಕಿಟಕಿಯಲ್ಲಿ ಒಂದು ಡಬ್ಬಿಯಲ್ಲಿತ್ತು. ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಒಂದು ಮಾತ್ರೆ ನೀರಲ್ಲಿ ನುಂಗಿ, ಸ್ನಾನ, ದೀಪ, ಆಮೇಲೆ ಮಗ್ಗ. ಕಾಫಿ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತಿತ್ತು. ಏಳು ವರ್ಷ ಆ ಮಾತ್ರೆ ಬಂದುಹೋಗುತ್ತಿದ್ದುದೇ ಯಾರ ಗಮನಕ್ಕೂ ಬಂದಿರಲಿಲ್ಲ. ಒಳ್ಳೆಯ ಔಷಧಿಯ ಹಣೆಬರಹವೇ ಅದು.

ಕಾಲಿನ ತೊಂದರೆ ಶುರುವಾದದ್ದು ಸಂಕ್ರಾಂತಿಯ ಚಳಿಯಲ್ಲಿ. ಹಲಗೆ ತುಳಿಯುತ್ತಿದ್ದಾಗ ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡು ಅವಳು "ಅಮ್ಮಾ" ಎಂದಳು. ಸುಬ್ಬರಾಯಪ್ಪ ಕಂಡಿಕೆ ಬಿಟ್ಟು ಓಡಿ ಬಂದು ಕಾಲು ತಿಕ್ಕಿದ. ಮಾರನೆಯ ದಿನ ಫೋನಿನಲ್ಲಿ ಒಂದು ವಿಡಿಯೊ ಹಿಡಿದುಕೊಂಡು ಬಂದ.

"ನೋಡೇ ಇಲ್ಲಿ. ಬಿಳೀ ಕೋಟು ಹಾಕವ್ನೆ. ತೆಲುಗಲ್ಲಿ 'ಮೆಗ್ನೀಷಿಯಂ ತಕ್ಕುವೈತೆ ಕಾಳ್ಳು ಪಟ್ಟೇಸ್ತಾಯಿ' ಅಂತವ್ನೆ. ಮೆಗ್ನೀಷಿಯಂ ಕಮ್ಮಿ ಆದ್ರೆ ಕಾಲು ಹಿಡ್ಕೊಂತದಂತೆ. ನಿಂಗೆ ಅದೇ ಕಣೇ."

"ಬಿಳೀ ಕೋಟು ಹಾಕ್ಕೊಂಡ್ರೆ ಡಾಕ್ಟ್ರಾ? ಹೋಟ್ಲಲ್ಲಿ ಅಡುಗೆಯವ್ನೂ ಹಾಕ್ಕೊಂತಾನೆ."

"ಅಡುಗೆಯವ್ನು ಮಧ್ಯೆ ಮಧ್ಯೆ ಇಷ್ಟು ಇಂಗ್ಲೀಷ್ ಮಾತಾಡ್ತಾನಾ?"

ಸಂಜೆಗೆ ಮೆಗ್ನೀಷಿಯಂ ಮಾತ್ರೆಯ ಬಾಟಲಿ ಬಂತು. ಸುಬ್ಬರಾಯಪ್ಪ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ. ಹೆಂಡತಿ ಮರೆಯಬಾರದು, ಗುಂಡಿಯಿಂದ ಏಳಲೂಬಾರದು ಎಂದು, ಬಚ್ಚಲ ಕಿಟಕಿಯ ಡಬ್ಬಿಯನ್ನೂ ಮೊರಕ್ಕೆ ತಂದ. ಅಂದಿನಿಂದ ಮೊದಲ ಕಂಡಿಕೆಯ ಪಕ್ಕ ಎರಡು ಮಾತ್ರೆ: ಸಣ್ಣ ಬಿಳಿಯದು ಥೈರಾಯ್ಡಿನದು, ದಪ್ಪನೆಯದು ಮೆಗ್ನೀಷಿಯಂ. ಜೊತೆಗೆ ಲೋಟದ ತುಂಬ ಬಿಸಿ ಕಾಫಿ. ಅವಳು ಎರಡನ್ನೂ ಬಾಯಿಗೆ ಹಾಕಿ ಕಾಫಿಯಲ್ಲಿ ಇಳಿಸಿ, "ಇಷ್ಟು ಅನುಕೂಲ ಯಾವ ಗಂಡ ಮಾಡ್ಕೊಡ್ತಾನೆ" ಎಂದು ಪಕ್ಕದ ಮನೆಯ ಯಶೋದಾಳ ಹತ್ತಿರ ಹೇಳಿಕೊಂಡಳು. ಅದು ಮನಸಾರೆ ಹೇಳಿದ ಮಾತು.

ಕಾಲಿನ ಹಿಡಿತ ಒಂದು ವಾರ ಕಡಿಮೆಯಾದಂತೆ ಕಂಡಿತು. ಆಮೇಲೆ ಮೊದಲಿಗಿಂತ ಹೆಚ್ಚಾಯಿತು. "ಡೋಸು ಸಾಲ್ತಿಲ್ಲ" ಎಂದು ಸುಬ್ಬರಾಯಪ್ಪ ದಪ್ಪ ಮಾತ್ರೆಯನ್ನು ಎರಡು ಮಾಡಿದ. ಹಿಡಿತ ಇನ್ನೂ ಹೆಚ್ಚಾಯಿತು. ಅದರ ಬೆನ್ನಿಗೆ ಬೇರೆ ತೊಂದರೆಗಳೂ ನೆಂಟರಂತೆ ಬಂದವು. ಮುಖ ಊದಿತು. ಬಾಚಣಿಗೆಯಲ್ಲಿ ಕೂದಲು ಉಂಡೆ ಕಟ್ಟಿತು. ಏಪ್ರಿಲ್ ಬಿಸಿಲಿನಲ್ಲಿ ಇಡೀ ಹಿಂದೂಪುರ ಬೀಸಣಿಗೆ ಹುಡುಕುತ್ತಿದ್ದಾಗ ಬನಶಂಕರಮ್ಮ ಸ್ವೆಟರ್ ಹುಡುಕಿದಳು. ಕೈ ಲಾಳಿಯ ಮೇಲಿದ್ದರೂ ಮನಸ್ಸು ಎಲ್ಲೋ ಇರುತ್ತಿತ್ತು. ಅಂಚಿನ ಜರಿಯಲ್ಲಿ ಎಳೆ ತಪ್ಪುತ್ತಿತ್ತು. ಊಟದ ಹೊತ್ತಿಗೆ ಹದಿನೆಂಟು ಕಂಡಿಕೆ ಮುಗಿಸುತ್ತಿದ್ದವಳು ಹತ್ತಕ್ಕೆ ಸುಸ್ತಾಗಿ ಅಲ್ಲೇ ಮಗ್ಗದ ಮೇಲೆ ತಲೆ ಇಡುತ್ತಿದ್ದಳು.

ಥೈರಾಯ್ಡ್ ಇರಬಹುದೇ ಎಂಬ ಯೋಚನೆ ಬರಲಿಲ್ಲವೇ ಎಂದರೆ ಬಂದಿತ್ತು. ಆದರೆ ಮಾತ್ರೆ ಒಂದು ದಿನವೂ ತಪ್ಪಿಲ್ಲವಲ್ಲ? ಮೊರವೇ ಸಾಕ್ಷಿ. ಮಾತ್ರೆ ಹೊಟ್ಟೆಗೆ ಹೋದ ಮೇಲೆ ರಕ್ತ ಪರೀಕ್ಷೆ ಯಾಕೆ ಎಂದು ಆ ವರ್ಷದ ಪರೀಕ್ಷೆಯನ್ನೂ ಬಿಟ್ಟಿದ್ದರು.

"ಐವತ್ತೆರಡು ಆಯ್ತಲ್ಲ. ಇನ್ನು ನನ್ ಕೈಲಾಗಲ್ಲ. ಈ ಸೀರೆ ಮಗ್ಗದಿಂದ ಇಳಿಸ್ಬುಟ್ಟು ಮುಗಿಸ್ಬುಡ್ತೀನಿ" ಎಂದಳು ಒಂದು ದಿನ.

ಗುಂಡಿ ಮುಚ್ಚಿಸಲು ಸುಬ್ಬರಾಯಪ್ಪ ಹೇಳಿಕಳಿಸಿದ. ಎರಡು ದಿನ ಬಿಟ್ಟು ಗಾರೆ ಕೆಲಸದ ಓಬುಳೇಶ್ ಬಂದು ಗುಂಡಿಯ ಉದ್ದ ಅಗಲ ಅಳೆದ. "ಅರ್ಧ ಟ್ರಾಕ್ಟರ್ ಮಣ್ಣು, ಮೇಲೆ ಸಿಮೆಂಟು. ಮೇಲ್ಗಡೆ ಟೀವಿ ಇಟ್ಕೊಬೋದು ಅಕ್ಕಾ" ಎಂದ. ಬನಶಂಕರಮ್ಮ ತಲೆಯಾಡಿಸಿದಳು. ಅವನು ಹೋದ ಮೇಲೆ ಗುಂಡಿಯೊಳಗೆ ಇಳಿದು ಕೂತಳು. ಮೂವತ್ತು ವರ್ಷ ಅವಳ ಹಿಮ್ಮಡಿ ಊರಿದ ಜಾಗದಲ್ಲಿ ನೆಲ ಎರಡು ಬಟ್ಟಲಿನ ಹಾಗೆ ಸವೆದಿತ್ತು. ಅದರ ಮೇಲೆ ಟೀವಿ ಬರುತ್ತದಂತೆ.

ಮೊದಲ ಮಳೆಯ ವಾರ ಕಲ್ಯಾಣದುರ್ಗದಿಂದ ತಂಗಿ ಧನಲಕ್ಷ್ಮಿಯ ಫೋನು ಬಂತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿದೆ, ಬರಲೇಬೇಕು. ಗಂಡ ಹೆಂಡತಿ ಸೋಮಂದೇಪಲ್ಲಿ, ಪೆನುಕೊಂಡ ದಾಟಿ ಹೋಗುವ ಬಸ್ಸು ಹತ್ತಿದರು. ಮಾತ್ರೆಗಳನ್ನು ಸುಬ್ಬರಾಯಪ್ಪ ಕಂಡಿಕೆ ಡಬ್ಬಿಯಲ್ಲೇ ತಂದಿದ್ದ. ಒಂದೊಂದು ದಿನದ್ದನ್ನು ಒಂದೊಂದು ಕಾಗದದಲ್ಲಿ ಸುತ್ತಿದ್ದ.

ಧನಲಕ್ಷ್ಮಿಯ ಮನೆಯ ಮೇಲಿನ ಕೋಣೆಯಲ್ಲಿ ಕಲ್ಯಾಣಿ ಎಂಬ ಹುಡುಗಿ ಬಾಡಿಗೆಗೆ ಇದ್ದಳು. ಕುರಿ ಸಾಕುವ ಮುನೆಪ್ಪನ ಮಗಳು, ಓದಿ ನರ್ಸ್ ಆದವಳು. ದಿನಾ ಬೆಳಿಗ್ಗೆ ಕುಂದುರ್ಪಿ ಬಸ್ಸು ಹಿಡಿದು ಆ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋಗಿಬರುತ್ತಿದ್ದಳು. ತೊಟ್ಟಿಲ ಶಾಸ್ತ್ರದ ಮಾರನೆಯ ಬೆಳಿಗ್ಗೆ ಅವಳು ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಾಗ, ಜಗುಲಿಯಲ್ಲಿ ಸುಬ್ಬರಾಯಪ್ಪ ಕಾಗದ ಬಿಚ್ಚಿ ಹೆಂಡತಿಯ ಅಂಗೈಗೆ ಮೂರು ಮಾತ್ರೆ ಹಾಕಿದ. ಬನಶಂಕರಮ್ಮ ಕಾಫಿ ಲೋಟ ಎತ್ತಿದಳು.

"ದೊಡ್ಡಮ್ಮಾ, ಒಂದ್ನಿಮಿಷ. ಏನು ಮಾತ್ರೆ ಅವು?" ಎಂದಳು ಕಲ್ಯಾಣಿ.

"ಸಣ್ಣದು ಥೈರಾಯ್ಡಿಂದು ಕಣಮ್ಮ. ದಪ್ಪವು ಮೆಗ್ನೀಷಿಯಂ, ಕಾಲಿಗೆ."

"ಮೂರೂ ಒಟ್ಗೇ ತಗೊಂತೀರಾ? ಕಾಫೀಲಿ?"

"ಹೂಂ. ಸಂಕ್ರಾಂತಿಯಿಂದ."

"ಸಂಕ್ರಾಂತಿಯಿಂದ ಹೆಂಗಿದ್ದೀರಿ?"

ಬನಶಂಕರಮ್ಮ ಬಾಯಿ ತೆರೆಯುವ ಮೊದಲೇ ಧನಲಕ್ಷ್ಮಿ ಒಳಗಿನಿಂದ ಕೂಗಿದಳು: "ಹೆಂಗಿದ್ದಾಳೆ ಅಂತ ನೋಡಿದ್ರೆ ಗೊತ್ತಾಗಲ್ವಾ? ನಿನ್ನೆ ಮಗೂಗೆ ಎರಡು ಹೊದ್ದಿಕೆ ಹೊದಿಸಿದ್ವಿ. ಅದ್ರಲ್ಲಿ ಒಂದು ಈಗ ನಮ್ಮಕ್ಕನ ಮೈಮೇಲೈತೆ!"

ಎಲ್ಲರೂ ನಕ್ಕರು. ಬನಶಂಕರಮ್ಮನೂ ನಕ್ಕಳು. ಕಲ್ಯಾಣಿ ಮಾತ್ರ ನಗಲಿಲ್ಲ. ಚಪ್ಪಲಿ ಬಿಚ್ಚಿ ಜಗುಲಿಗೆ ಬಂದು ಕೂತಳು.

"ಚಳಿ. ಮುಖ ಊತ. ಸುಸ್ತು. ಕೂದ್ಲು ಉದುರ್ತಿರ್ಬೇಕು. ಮಲ ಗಟ್ಟಿನಾ?" 

"ಅಯ್ಯೋ, ಭಾವನ ಮುಂದೆ ಇದೆಲ್ಲ ಕೇಳ್ತಾರೇನೇ?" ಎಂದಳು ಧನಲಕ್ಷ್ಮಿ.

"ಹೌದು ಕಣಮ್ಮ, ಎಲ್ಲಾ ಐತೆ" ಎಂದಳು ಬನಶಂಕರಮ್ಮ ಮೆಲ್ಲಗೆ. ತನ್ನ ಮೈಯ ಸಂಗತಿಗಳನ್ನು ಯಾರೋ ಪಟ್ಟಿ ಓದಿದಂತೆ ಓದಿದ್ದು ಅವಳಿಗೆ ವಿಚಿತ್ರವೂ ಅನ್ನಿಸಿತು, ಹಗುರವೂ ಅನ್ನಿಸಿತು.

"ಇವೆಲ್ಲ ಥೈರಾಯ್ಡ್ ಕಮ್ಮಿ ಆದಾಗ ಬರೋವು ದೊಡ್ಡಮ್ಮ. ಕಾಲು ಹಿಡ್ಕೊಳ್ಳೋದೂ ಅದ್ರಿಂದ ಬರ್ಬೋದು. ನಿಮ್ಮ ಸಣ್ಣ ಮಾತ್ರೆ ಮೈಗೆ ಹತ್ತುತಾ ಇಲ್ಲ ಅಂತ ನಂಗೆ ಅನುಮಾನ."

"ಅದೆಂಗಮ್ಮ?" ಎಂದ ಸುಬ್ಬರಾಯಪ್ಪ. "ನನ್ ಕೈಯಾರೆ ಕೊಡ್ತೀನಿ. ಒಂದು ದಿನ ತಪ್ಪಿಲ್ಲ."

"ತಪ್ಪಿಲ್ಲ ದೊಡ್ಡಪ್ಪ. ಆದ್ರೆ ಮೆಗ್ನೀಷಿಯಂ ಜೊತೆಗೆ ಕೊಟ್ಬುಟ್ರಿ. ಕುಂದುರ್ಪಿ ಬಸ್ಸಲ್ಲಿ ನೋಡಿಲ್ವಾ? ಒಬ್ಬ ಹತ್ತೋಕೆ ಬತ್ತಾನೆ, ಬಾಗ್ಲಲ್ಲೇ ನೆಂಟ ಸಿಕ್ಕಿ ಕೈ ಹಿಡ್ಕೊಂಡು ಮಾತಿಗೆ ನಿಲ್ಲಿಸ್ಬುಡ್ತಾನೆ. ಬಸ್ಸು ಹೊಂಟೋಯ್ತದೆ. ಇಬ್ರೂ ಅಲ್ಲೇ. ಹೊಟ್ಟೇಲಿ ಮೆಗ್ನೀಷಿಯಂ ಥೈರಾಯ್ಡ್ ಮಾತ್ರೇನ ಹಂಗೇ ಹಿಡ್ಕೊಂಬುಡ್ತದೆ. ರಕ್ತಕ್ಕೆ ಹೋಗ್ಬೇಕಾದ್ದು ಹೊರಗೆ ಹೋಯ್ತದೆ. ಕಾಫಿನೂ ಅದ್ಕೆ ಅಡ್ಡಾನೇ."

ಸುಬ್ಬರಾಯಪ್ಪ ಬಸ್ಸಿನ ಉದಾಹರಣೆಗೆಲ್ಲ ಮಣಿಯುವವನಲ್ಲ. "ಅದು ಔಷಧೀನೇ ಅಲ್ಲ ಕಣಮ್ಮ. ಬರೀ ಖನಿಜ. ಬಾಟ್ಲಿ ಮೇಲೆ ಎಲೆ ಚಿತ್ರ ಐತೆ. ನಮ್ ಬೋರ್ ನೀರಲ್ಲೂ ಐತಂತೆ. ಎಲೆ ಚಿತ್ರ ಇರೋದು ಕೆಡುಕು ಮಾಡ್ತದಾ?"

"ಹೊಗೆಸೊಪ್ಪಿನ ಪ್ಯಾಕೆಟ್ ಮೇಲೂ ಮೊದ್ಲು ಎಲೆ ಚಿತ್ರ ಇತ್ತು ದೊಡ್ಡಪ್ಪ."

"ಭಾವಾ, ಬಾಯಿ ಮುಚ್ಕೊಂಡ್ರೆ ಒಳ್ಳೇದು" ಎಂದಳು ಧನಲಕ್ಷ್ಮಿ, ಬಹಳ ಸಂತೋಷದಿಂದ.

"ಕೆಡುಕು ಅಂತ ನಾನೂ ಅಂತಿಲ್ಲ. ಬೇಕಾದವ್ರಿಗೆ ಮೆಗ್ನೀಷಿಯಂ ಒಳ್ಳೇದೇ. ಆದ್ರೆ ಬೇಕೋ ಬೇಡ್ವೋ ಅಂತ ಯಾರು ನೋಡಿದ್ರು? ಕಿಡ್ನಿ ಸರಿ ಇಲ್ದಿದ್ರೆ ಅದು ಮೈಯಲ್ಲೇ ಸೇರ್ಕೊಂಡು ಅಪಾಯ ಆಯ್ತದೆ. ಕಿಡ್ನಿ ಟೆಸ್ಟ್ ಮಾಡ್ಸಿದ್ರಾ?"

"ಇಲ್ಲ."

"ಒಂದರಿಂದ ಎರಡು ಮಾಡಿದ್ದು ಯಾರು?"

ಸುಬ್ಬರಾಯಪ್ಪ ಲೋಟದ ತಳ ನೋಡಿದ.

"ನಮ್ಮಪ್ಪ ಕುರಿಗೆ ಹೊಟ್ಟೆಹುಳದ ಔಷ್ದಿ ಹಾಕೋಕೂ ದನದ ಡಾಕ್ಟ್ರನ್ನ ಎರಡು ಸಲ ಕೇಳ್ತಾನೆ ದೊಡ್ಡಪ್ಪ. ನೀವು ದೊಡ್ಡಮ್ಮಂಗೆ ಫೋನ್ ನೋಡ್ಕೊಂಡು ಹಾಕ್ಬುಟ್ರಲ್ಲ!"

ಜಗುಲಿಯಲ್ಲಿ ನಗು ಎದ್ದಿತು. ಆದರೆ ಸುಬ್ಬರಾಯಪ್ಪನ ಮುಖ ಕಪ್ಪಿಟ್ಟಿತು. "ಹಂಗಾದ್ರೆ ಇಷ್ಟು ದಿನ ಇವ್ಳನ್ನ ನಾನೇ ಕೈಯಾರೆ..." ಎಂದು ಅಲ್ಲಿಗೇ ನಿಲ್ಲಿಸಿದ.

ಬನಶಂಕರಮ್ಮ ಗಂಡನನ್ನು ನೋಡಿದಳು. ಕಾಲು ಹಿಡಿದಾಗಲೆಲ್ಲ ಕಂಡಿಕೆ ಬಿಟ್ಟು ಓಡಿ ಬರುತ್ತಿದ್ದ ಮನುಷ್ಯ. ಅವನಿಗೆ ಬಸ್ಸಿನ ಮಾತು ಹತ್ತಲಿಲ್ಲ, ಕುರಿಯ ಮಾತು ಚುಚ್ಚಿತು. ಅವನಿಗೆ ಅರ್ಥವಾಗುವ ಭಾಷೆ ಅವಳಿಗೆ ಗೊತ್ತಿತ್ತು.

"ಏನಂದ್ರೆ, ಇಲ್ಲಿ ಕೇಳಿ. ಹಲಗೆ ತುಳಿದು ಎಳೆ ಬಾಯಿ ಬಿಟ್ಟಾಗ ಒಂದೇ ಸಂದೀಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಲಾಳಿ ಬಿಟ್ರೆ ಏನಾಯ್ತದೆ?"

"ನಡುವೆ ಡಿಕ್ಕಿ ಹೊಡೀತಾವೆ. ಎಳೆ ಹರಿದೋಯ್ತದೆ" ಎಂದ ಅವನು ತಟ್ಟನೆ. "ಯಾವ ಬುದ್ಧಿ ಇರೋನೂ ಹಂಗೆ ಬಿಡಲ್ಲ."

"ಎರಡು ಲಾಳೀಲಿ ಯಾವ್ದು ಕೆಟ್ಟದ್ದು?"

"ಯಾವ್ದೂ ಅಲ್ಲ. ಒಂದು ದಾಟೋ ತನ್ಕ ಇನ್ನೊಂದು ಕಾಯ್ಬೇಕು..." ಎಂದವನು ನಿಂತ. ಹೆಂಡತಿಯ ಅಂಗೈಯಲ್ಲಿದ್ದ ಮೂರು ಮಾತ್ರೆಗಳನ್ನು ನೋಡಿದ. "ಓಹೋ" ಎಂದ.

ಕಲ್ಯಾಣಿ ಆ ಮಾತನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಳು. ಬಸ್ಸಿಗಿಂತ ಅದು ಚೆನ್ನಾಗಿತ್ತು.

"ನಾಲ್ಕು ಗಂಟೆ ಕಾಯ್ಬೇಕು ದೊಡ್ಡಪ್ಪ. ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ. ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಮೆಗ್ನೀಷಿಯಂ ಬೇಕು ಅಂತ ಡಾಕ್ಟ್ರು ಹೇಳಿದ್ರೆ, ಅದು ಥೈರಾಯ್ಡ್ ಮಾತ್ರೆ ತಗೊಂಡು ಕಮ್ಮಿ ಅಂದ್ರೂ ನಾಲ್ಕು ಗಂಟೆ ಆದ್ಮೇಲೆ. ಡಾಕ್ಟ್ರ ಹತ್ರ ಹೋಗೋ ತನ್ಕ ದಪ್ಪ ಮಾತ್ರೆ ನಿಲ್ಲಿಸಿ. ಸಣ್ಣದನ್ನ ಮಾತ್ರ ನಿಲ್ಲಿಸ್ಬೇಡಿ, ನೀವಾಗೇ ಹೆಚ್ಚು ಮಾಡ್ಲೂಬೇಡಿ. ಟೆಸ್ಟ್ ಮಾಡ್ಸಿ. ಹೋಗೋವಾಗ ಮನೇಲಿರೋ ಬಾಟ್ಲಿ ಎಲ್ಲಾ ಚೀಲಕ್ಕೆ ಹಾಕ್ಕೊಂಡ್ಹೋಗಿ. ಎಲೆ ಚಿತ್ರದ್ದೂ."

ಹೊರಗೆ ಹಾರ್ನ್ ಕೇಳಿಸಿತು. "ನನ್ ಬಸ್ಸು ಹೋಯ್ತು" ಎಂದಳು ಕಲ್ಯಾಣಿ.

"ನಮ್ ದೆಸೆಯಿಂದ ತಪ್ಪೋಯ್ತಲ್ಲಮ್ಮ" ಎಂದಳು ಬನಶಂಕರಮ್ಮ.

"ಇನ್ನೊಂದು ಬತ್ತದೆ ಬಿಡಿ. ದೊಡ್ಡಮ್ಮಂಗೆ ಇನ್ನೊಬ್ರು ಎಲ್ಲಿ ಸಿಗ್ತಾರೆ?"

ಹಿಂದೂಪುರದಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷೆಯ ಕಾಗದ ನೋಡುವ ಮೊದಲು ಸುಬ್ಬರಾಯಪ್ಪನೇ ನೋಡಿದ್ದ. "ಹೋದ ವರ್ಷ ಮೂರು ಇತ್ತು, ಈಗ ಹದಿನಾಲ್ಕು. ಏರೈತೆ ಕಣೇ, ಒಳ್ಳೇದೇ ಅಲ್ವಾ?" ಎಂದು ಆಸೆಯಿಂದ ಹೇಳಿದ.

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. "ಈ ಟಿ.ಎಸ್.ಎಚ್. ಅನ್ನೋ ನಂಬರು ಮೈ ಕೂಗೋ ಕೂಗು ಇದ್ದ ಹಾಗೆ. ಥೈರಾಯ್ಡ್ ಸಾಲದಿದ್ದಷ್ಟೂ ಜೋರಾಗಿ ಕೂಗುತ್ತೆ. ಮೂರಕ್ಕೆ ಸುಮ್ಮನಿತ್ತು, ಈಗ ಕಿರುಚ್ತಾ ಇದೆ. ಮಾತ್ರೆ ತಪ್ಪಿಸಿದ್ರಾ?" ಎನ್ನುತ್ತ ಡೋಸ್ ಹೆಚ್ಚಿಸಿ ಬರೆಯಲು ಪೆನ್ನು ಎತ್ತಿದರು.

ಆಗ ಬನಶಂಕರಮ್ಮ ಚೀಲ ಮಗುಚಿದಳು. ಮೇಜಿನ ಮೇಲೆ ಎಲೆ ಚಿತ್ರದ ಬಾಟಲಿ ಉರುಳಿತು. ಯಾವಾಗಿನಿಂದ, ಎಷ್ಟು, ಹೇಗೆ ಎಲ್ಲವನ್ನೂ ಹೇಳಿದಳು. ಮೊರ, ಮೊದಲ ಕಂಡಿಕೆ, ಕಾಫಿ ಒಂದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದನ್ನ ತರದೇ ಇದ್ದಿದ್ರೆ ಈಗ ಡೋಸ್ ಜಾಸ್ತಿ ಮಾಡ್ತಿದ್ದೆ. ನೀವು ಮೆಗ್ನೀಷಿಯಂ ನಿಲ್ಲಿಸಿರೋದಕ್ಕೆ ಆ ಡೋಸ್ ಹೆಚ್ಚಾಗಿ ಎದೆ ಡವಗುಟ್ಟೋದು. ಯಾರು ಹೇಳಿದ್ರು ತಗೊಂಡು ಬನ್ನಿ ಅಂತ?"

"ಕಲ್ಯಾಣದುರ್ಗದ ಒಂದು ಹುಡ್ಗಿ ಡಾಕ್ಟ್ರಮ್ಮ. ಬಸ್ಸು ತಪ್ಪಿಸ್ಕೊಂಡು ಹೇಳಿದ್ಳು."

ಡೋಸ್ ಹಾಗೇ ಉಳಿಯಿತು. ಕಿಡ್ನಿ ಪರೀಕ್ಷೆ ಮಾಡಿಸಿ, ಸರಿಯಿದೆ ಎಂದಮೇಲೆ ಡಾಕ್ಟರಮ್ಮ ಒಂದೇ ಮೆಗ್ನೀಷಿಯಂ ಮಾತ್ರೆ, ಮಧ್ಯಾಹ್ನ ಊಟವಾದ ಮೇಲೆ, ಎರಡು ತಿಂಗಳಿಗೆ ಎಂದರು. ಆಮೇಲೆ ಮತ್ತೆ ಪರೀಕ್ಷೆ. ಅದು ಬೇಕೋ ಬೇಡವೋ ಆಗ ನೋಡೋಣ.

ಮರುದಿನ ಸಣ್ಣ ಮಾತ್ರೆಯ ಡಬ್ಬಿ ಬಚ್ಚಲ ಕಿಟಕಿಗೆ ವಾಪಸ್ಸು ಹೋಯಿತು. ಮೊರದ ಮುಂದೆ ಕೂತ ಸುಬ್ಬರಾಯಪ್ಪ ಬಹಳ ಹೊತ್ತು ಯೋಚಿಸಿ, ದಪ್ಪ ಮಾತ್ರೆಯನ್ನು ಹತ್ತನೇ ಕಂಡಿಕೆಯ ಪಕ್ಕ ಇಟ್ಟ. ಈಗ ಊಟದ ಹೊತ್ತಿಗೆ ಅವಳು ಮುಟ್ಟುತ್ತಿದ್ದುದು ಅಲ್ಲಿಗೇ ತಾನೆ. ಹತ್ತು ಮುಗಿದರೆ ಊಟ, ಊಟದ ಮೇಲೆ ಮಾತ್ರೆ. ಓಬುಳೇಶನಿಗೆ ಫೋನು ಮಾಡಿ, "ಮಣ್ಣು ಈಗ್ಲೇ ಬೇಡ, ಎರಡು ತಿಂಗ್ಳು ತಡೀಲಾ" ಎಂದ.

ಪವಾಡವೇನೂ ನಡೆಯಲಿಲ್ಲ. ಮೊದಲ ಎರಡು ವಾರ ಹತ್ತು ಹತ್ತಾಗಿಯೇ ಉಳಿಯಿತು. "ಏನೂ ಆಗ್ತಿಲ್ಲ ಕಣಮ್ಮ" ಎಂದು ಬನಶಂಕರಮ್ಮ ಕಲ್ಯಾಣಿಗೆ ಫೋನು ಮಾಡಿದಳು.

"ಐದು ತಿಂಗ್ಳು ಕೆಟ್ಟಿದ್ದು ಐದು ದಿನಕ್ಕೆ ಸರಿ ಹೋಯ್ತದಾ ದೊಡ್ಡಮ್ಮ? ಸೀರೇನ ಒಂದೇ ದಿನಕ್ಕೆ ಇಳಿಸ್ತೀರಾ ನೀವು?"

ಮೂರನೆಯ ವಾರ ಸ್ವೆಟರ್ ಪೆಟ್ಟಿಗೆಗೆ ಹೋಯಿತು. ಆಮೇಲೊಂದು ದಿನ ಮಾತ್ರೆ ಹನ್ನೆರಡನೇ ಕಂಡಿಕೆಯ ಪಕ್ಕ ಕಂಡಿತು. ಸುಬ್ಬರಾಯಪ್ಪನೇ ಜಾಗ ಬದಲಿಸಿದ್ದ. ಮತ್ತೊಂದು ವಾರಕ್ಕೆ ಹದಿನಾಲ್ಕು. ಕಾಲು ಹಿಡಿಯುವುದು ದಿನ ಬಿಟ್ಟು ದಿನವಾಯಿತು, ವಾರಕ್ಕೊಮ್ಮೆಯಾಯಿತು, ಆಮೇಲೆ ಕೊನೆಯ ಸಲ ಯಾವಾಗ ಹಿಡಿದಿತ್ತೆಂಬುದೇ ನೆನಪಾಗಲಿಲ್ಲ. ಬನಶಂಕರಮ್ಮ ಯಾವ ದೇವರಿಗೆ ಯಾವ ಹರಕೆ ಎಂದು ಯೋಚಿಸಿ, ಕೊನೆಗೆ ಕಲ್ಯಾಣಿಗೇ ಫೋನು ಮಾಡಿ, "ನಿಂಗೊಂದು ರೇಷ್ಮೆ ರವಿಕೆ ಕಣ ನೇಯ್ದು ಕೊಡ್ತೀನಿ, ಬಣ್ಣ ಹೇಳು" ಎಂದಳು.

"ಬೇಡ ದೊಡ್ಡಮ್ಮ. ನಿಮ್ ಬೀದೀಲಿ ಥೈರಾಯ್ಡ್ ಮಾತ್ರೆ ತಗೊಳ್ಳೋರು ಇನ್ನೂ ಯಾರಿದ್ದಾರೆ ನೋಡಿ. ಅವ್ರಿಗೆ ಹೇಳಿ. ಅದೇ ನಂಗೆ ರೇಷ್ಮೆ ಕಣ."

ಸಂಜೆ ಬನಶಂಕರಮ್ಮ ಯಶೋದಾಳ ಮನೆಗೆ ಹೋದಳು. ಅಲ್ಲಿ ಥೈರಾಯ್ಡ್ ಮಾತ್ರೆಯ ಜೊತೆ ಕಬ್ಬಿಣದ ಮಾತ್ರೆ ಒಂದೇ ಗುಟುಕಿಗೆ ಹೋಗುತ್ತಿತ್ತು. ಎದುರು ಮನೆಯಲ್ಲಿ ಕ್ಯಾಲ್ಸಿಯಂ. ಮೂಲೆ ಮನೆಯಲ್ಲಿ ಗ್ಯಾಸಿನ ಬಿಳಿ ಔಷಧಿ. ಎಲ್ಲರೂ ತಪ್ಪದೆ ತೆಗೆದುಕೊಳ್ಳುತ್ತಿದ್ದರು, ಎಲ್ಲರೂ ಸುಸ್ತು ಎನ್ನುತ್ತಿದ್ದರು. "ಒಂದೇ ಸಂದೀಲಿ ಎರಡು ಲಾಳಿ ಬಿಡ್ತೀಯೇನೇ?" ಎಂದು ಬನಶಂಕರಮ್ಮ ಕೇಳಿದರೆ ಆ ಬೀದಿಯಲ್ಲಿ ಎರಡನೆಯ ಮಾತು ಬೇಕಾಗಲಿಲ್ಲ. ಎಲ್ಲರೂ ತಂತಮ್ಮ ಡಾಕ್ಟರಲ್ಲಿಗೆ ಚೀಲ ಹೊತ್ತುಕೊಂಡು ಹೋದರು.

ಎರಡು ತಿಂಗಳ ಮೇಲೆ ಕಾಗದದಲ್ಲಿ ನಾಲ್ಕರೊಳಗಿನ ನಂಬರು ಬಂತು. ಈ ಸಲ ಸುಬ್ಬರಾಯಪ್ಪ ಇಳಿದದ್ದನ್ನು ನೋಡಿ ಸಂತೋಷಪಟ್ಟ. ಡಾಕ್ಟರಮ್ಮ, "ಕಾಲು ಹಿಡಿಯೋದು ನಿಂತಿದೆಯಲ್ಲ, ಇನ್ನು ಮೆಗ್ನೀಷಿಯಂ ಬೇಡ. ಮತ್ತೆ ತೊಂದರೆಯಾದರೆ ಫೋನ್ ನೋಡಬೇಡಿ, ಇಲ್ಲಿಗೆ ಬನ್ನಿ. ಸಣ್ಣ ಮಾತ್ರೆ ಮಾತ್ರ ಮುಂದುವರಿಯಲಿ" ಎಂದರು.

ಮರುದಿನ ಬೆಳಿಗ್ಗೆ ಹಾಲಿಗೆ ಹೋದವರು ಬನಶಂಕರಮ್ಮನ ಮನೆಯ ಮುಂದೆ ಒಂದು ಗಳಿಗೆ ನಿಂತರಂತೆ. ಬೀದಿಯಲ್ಲಿ ಬೇರೆ ಯಾವ ಮಗ್ಗವೂ ಇನ್ನೂ ಎದ್ದಿರಲಿಲ್ಲ.

ಅದೇ ದಿನ ಓಬುಳೇಶನೂ ಬಂದ, ಮಣ್ಣಿನ ವಿಷಯ ಏನಾಯಿತೆಂದು ಕೇಳಲು. ಬನಶಂಕರಮ್ಮ ಗುಂಡಿಯೊಳಗಿನಿಂದಲೇ, "ಇಲ್ಲಿ ಜಾಗ ಇಲ್ಲ ಕಣಪ್ಪ, ನಾನಿದ್ದೀನಿ. ಬಚ್ಚಲ ಮೆಟ್ಲು ಒಡೆದೋಗೈತೆ, ಅದ್ನ ಮಾಡ್ಬುಡು" ಎಂದಳು, ಕಾಲು ನಿಲ್ಲಿಸದೆ. ಟೀವಿ ಇದ್ದಲ್ಲೇ ಉಳಿಯಿತು.

ಹದಿನಾರು ಮುಗಿಯಿತು. ಹದಿನೇಳು ಮುಗಿಯಿತು. ಅನ್ನದ ಘಮ ಬರತೊಡಗಿತು. ಹದಿನೆಂಟನೇ ಕಂಡಿಕೆಗೆ ಕೈ ಹಾಕಿದಾಗ ಅದರ ಪಕ್ಕ ಏನೋ ಬೆರಳಿಗೆ ತಗುಲಿತು. ಬೆಲ್ಲದ ಪಾಕದ ಒಂದು ಕಡ್ಲೆಬೀಜದ ಉಂಡೆ.

"ಇದೇನ್ರೀ?"

"ಊಟ ಆದ್ಮೇಲೆ ತಿನ್ನು. ಕಡ್ಲೆಬೀಜದಲ್ಲೂ ಮೆಗ್ನೀಷಿಯಂ ಐತಂತೆ" ಎಂದ ಸುಬ್ಬರಾಯಪ್ಪ ರಾಟೆ ತಿರುಗಿಸುತ್ತ. ಹೆಂಡತಿ ದಿಟ್ಟಿಸಿ ನೋಡಿದ್ದನ್ನು ಕಂಡು ಅವಸರದಿಂದ ಸೇರಿಸಿದ: "ಕಲ್ಯಾಣಿನ ಕೇಳೇ ಇಟ್ಟಿದ್ದು ಕಣೇ!"

ಬನಶಂಕರಮ್ಮ ಉಂಡೆಯನ್ನು ಮುರಿದು ಅರ್ಧ ಅವನ ಕೈಗಿಟ್ಟಳು.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯಲ್ಲೂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇರಬಹುದು. ಅದನ್ನು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಲಿ, ಕಾಫಿ ತಿಂಡಿ ಅರ್ಧದಿಂದ ಒಂದು ಗಂಟೆ ಕಾಯಲಿ. ಮೆಗ್ನೀಷಿಯಂ, ಕಬ್ಬಿಣ, ಕ್ಯಾಲ್ಸಿಯಂ, ಗ್ಯಾಸಿನ ಔಷಧಿ ಇವುಗಳಿಗೂ ಅದಕ್ಕೂ ನಾಲ್ಕು ಗಂಟೆಯ ದೂರವಿರಲಿ. ಕಾಲು ಹಿಡಿಯಿತೆಂದು ನೀವಾಗಿಯೇ ಮೆಗ್ನೀಷಿಯಂ ಶುರು ಮಾಡಬೇಡಿ, ಕಿಡ್ನಿ ತೊಂದರೆ ಇರುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಯಾರ ಮಾತು ಕೇಳಿಯೂ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರು ಹೇಳಿದ ಸಮಯಕ್ಕೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಹೋಗುವಾಗ ಎಲೆ ಚಿತ್ರದ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.

ಪ್ರೀತಿಯಿಂದ ಕೊಟ್ಟದ್ದಾದರೂ ಕೇಳಿ ಕೊಡಿ. ನಿಮ್ಮ ಮನೆಯ ಮೊರದಲ್ಲಿ ಯಾವುದರ ಪಕ್ಕ ಯಾವುದಿದೆ ಎಂದು ಇವತ್ತೇ ಒಮ್ಮೆ ನೋಡಿ.